ಕೊನೆಗೆ ಉಳಿಸಿದ ಕಣ್ಣು

“ಏ ನಿಸರ್ಗಾ, ಅಜ್ಜಿ ಹೋಗ್ಬಿಟ್ರು ಕಣೇ! ಬೆಳಿಗ್ಗೆ ಕಾಫಿ ಕೇಳಿದ್ರು, ನಾನು ತರೋಷ್ಟರಲ್ಲಿ ಇಲ್ಲ!” ಫೋನಿನಲ್ಲಿ ಗೆಳತಿ ಸಿಂಧು ಅಳುತ್ತಿದ್ದಳು.

ಅವಳ ಅಜ್ಜಿ ಬೋರಮ್ಮ ಹೋದ ತಿಂಗಳು ಇಲ್ಲೇ ಫಾಸ್ಟರ್ ಸಿಟಿಯ ತಮ್ಮ ಮನೆಯಲ್ಲಿ ನನ್ನ ಆರ್ಟ್ ಕ್ಲಾಸಿನ ಪೋರ್ಟ್ರೇಟಿಗೆ ಕೂತಿದ್ದರು. ಗಟ್ಟಿ ಕ್ರೆಯಾನಿನ ಗೆರೆ ಒತ್ತಿ ಬಿದ್ದರೆ ಅಳಿಸಲಾಗದು. ಹಾಗಾಗಿ ಕಣ್ಣುಗಳನ್ನು ಕೊನೆಗೆ ಉಳಿಸಿಕೊಂಡಿದ್ದೆ.

“ದೇವ್ರುಗೂ ಕಣ್ಣು ಕೊನೇಲೇ ಬರ್ಯೋದು ಕಣವ್ವ. ಆದ್ರೆ ಹಂಗೇ ಬುಟ್ಬುಡಬ್ಯಾಡ,” ಎಂದಿದ್ದರು.

“ಮುಂದಿನ ವಾರ ಪಕ್ಕಾ ಅಜ್ಜಿ!” ಎಂದು ನಗುತ್ತಾ ಓಡಿದ್ದೆ. ಆಮೇಲೆ ಮೂರು ವಾರ ಅತ್ತ ಹೋಗಲೇ ಇಲ್ಲ.

ಫೋನಿಟ್ಟು ಕ್ಲಾಸೆಟ್ಟಿನಿಂದ ಚಿತ್ರ ಹೊರತೆಗೆದೆ. ಮಧ್ಯಾಹ್ನದ ಬಿಸಿಲಿಗೆ ಹಿಡಿದರೂ ಹಾಳೆ ತಣ್ಣಗೇ ಇತ್ತು. ಕಣ್ಣಿಗೆಂದು ತೆಗೆದಿಟ್ಟಿದ್ದ ಹೊಸ ಕಪ್ಪು ಕ್ರೆಯಾನು ಡಬ್ಬಿಯೊಳಗೇ ಅರ್ಧ ಸವೆದಿತ್ತು. ನಾನು ಬಿಡಿಸದೇ ಬಿಟ್ಟಿದ್ದ ಎರಡೂ ಕಣ್ಣುಗಳು ಚಿತ್ರದಲ್ಲಿದ್ದವು. ಯಾರನ್ನೋ ಕಾಯುವವರಂತೆ ಅಜ್ಜಿ ಪಕ್ಕಕ್ಕೆ ನೋಡುತ್ತಿದ್ದರು. ರಬ್ಬರಿನಿಂದ ಉಜ್ಜಿದೆ, ಹೋಗಲಿಲ್ಲ.

ಅಷ್ಟರಲ್ಲಿ ಸಿಂಧುವಿನ ಮೆಸೇಜು ಬಂತು: “ಹಾರ ಹಾಕೋಕೆ ಅಜ್ಜಿ ಫೋಟೋ ಬದ್ಲು ನಿನ್ ಡ್ರಾಯಿಂಗೇ ಇಡೋಣ ಅಂತಾರೆ ಅಪ್ಪ. ಕಣ್ಣಿಲ್ದಿದ್ರೂ ಪರ್ವಾಗಿಲ್ವಂತೆ. ನಾಳೆ ಹತ್ತಕ್ಕೆ ತರ್ತೀಯಾ?”

ಕಣ್ಣಿನ ವಿಷಯ ಟೈಪು ಮಾಡಿ ಅಳಿಸಿದೆ.

“ಹತ್ತಕ್ಕೇ ಬರ್ತೀನಿ ಕಣೇ,” ಎಂದು ಕಳಿಸಿದೆ. “ಈ ಸಲ ತಪ್ಪಿಸಲ್ಲ.”