ಕುಂಬಾರನ ಮೂರನೇ ಮಡಕೆ

"ಒಡೆದದ್ದನ್ನ ಎಸೀಬೇಡ. ಕುಟ್ಟಿ ಮಣ್ಣಿಗೆ ಸೇರಿಸು."

ಕುಂಬಾರ ದ್ಯಾವಣ್ಣನಿಗೆ ಹೆಂಡತಿ ಸಾಕವ್ವ ಹೇಳಿದ ಕೊನೆಯ ಮಾತು ಇದು. ಬೇರೆ ಏನಾದರೂ ಹೇಳುತ್ತಾಳೆ ಅಂತ ಅವನು ಕಾದ. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಇದು ನಡೆದದ್ದು ಬಹಳ ಹಿಂದೆ, ಕಂಚಿನಗಿರಿ ಎಂಬ ರಾಜ್ಯದಲ್ಲಿ. ಒಡೆದ ಮಡಕೆ ಕುಟ್ಟುವುದು ಸಾಕವ್ವನ ಕೆಲಸ. ಬೆಂಕಿ ಕಂಡ ಪುಡಿ ಸೇರಿದರೆ ಹಸಿ ಮಣ್ಣಿಗೆ ಧೈರ್ಯ ಬರುತ್ತದೆ ಅನ್ನುತ್ತಿದ್ದಳು. ಅವಳು ಹೋದ ಮೇಲೆ ದ್ಯಾವಣ್ಣ ಅವಳ ಒರಳು ಮುಟ್ಟಲಿಲ್ಲ. ಅದರಲ್ಲಿ ಕೋಳಿ ಮೊಟ್ಟೆ ಇಟ್ಟಿತು.

ಆ ವರ್ಷ ಹೊಗೆಮೀಸೆ ಎಂಬ ಮಾಂತ್ರಿಕ ಬಂದ. ರಾಜ್ಯದ ಒಲೆಗಳ ಬೆಂಕಿಯನ್ನೆಲ್ಲ ಒಂದೇ ಉಸಿರಿಗೆ ಎಳೆದು ಗುಡ್ಡದ ಗವಿಗೆ ಒಯ್ದ. ಕಲ್ಲಿಗೆ ಕಲ್ಲು ಉಜ್ಜಿದರೂ ಕಿಡಿ ಬರಲಿಲ್ಲ.

"ಬೆಂಕಿ ಬೇಕಾದವರು ಪಾತ್ರೆ ತನ್ನಿ. ಪಾತ್ರೆ ನನ್ನ ಕೆಂಡ ತಡೆದರೆ ಒಯ್ಯಿರಿ" ಅಂದ.

ರಾಜನ ಕಂಚಿನ ಕೊಪ್ಪರಿಗೆ ತುಪ್ಪದ ಹಾಗೆ ಕರಗಿತು. ಬಳಸಿ ಬಳಸಿ ಬಿರುಕು ಬಿಟ್ಟಿದ್ದ ಊರಿನ ಹಳೇ ಮಡಕೆಗಳು ಸಿಡಿದವು. ರಾಜ ಮೂರು ಹೊತ್ತೂ ನೆನೆಸಿದ ಅವಲಕ್ಕಿ ತಿಂದ.

ದ್ಯಾವಣ್ಣನ ಮನೆಯಲ್ಲಿ ಅತ್ತೆ ಕೆಂಪವ್ವ ಇದ್ದಳು, ಸಾಕವ್ವನ ತಾಯಿ. ಅವಳಿಗೆ ಇದ್ದದ್ದು ಎರಡು ಹಲ್ಲು. ಅವೂ ಎದುರುಬದುರು ಇರಲಿಲ್ಲ. ನೆನೆಸಿದ ಕಾಳು ಅಗಿಯಲಾಗದೆ ಸೊರಗಿದಳು.

"ಅಳಿಯಾ, ಒಂದು ಬಟ್ಟಲು ಬಿಸಿ ಅಂಬಲಿ ಕುಡಿದು ಸಾಯ್ತೀನಿ."

"ಕುಡಿದ ಮೇಲೆ ಯಾಕವ್ವ ಸಾಯೋದು?" ಅಂದ ದ್ಯಾವಣ್ಣ. ಮಣ್ಣು ಕಲಸಿದ.

ಸುಡಲು ಬೆಂಕಿ ಇಲ್ಲ. ಮಡಕೆಯನ್ನು ಬಿಸಿಲಲ್ಲೇ ಒಣಗಿಸಿ ಹೊತ್ತು ನಡೆದ. ಗವಿಯ ಬಾಗಿಲಲ್ಲಿ ಮಾತು ಬಲ್ಲ ಕತ್ತೆಕಿರುಬ ಕೂತಿತ್ತು.

"ಒಡೆಯೋಕೆ ಇಷ್ಟು ದೂರ ತಂದ್ಯಾ ಅಣ್ಣ? ಮನೇಲೇ ಒಡೀಬಹುದಿತ್ತಲ್ಲ."

ಮಾಂತ್ರಿಕ ಕೆಂಡ ಸುರಿದ. ಮಡಕೆ ಟಪ್ ಎಂದಿತು.

"ತಡೀಲಿಲ್ಲ, ಹೋಗು" ಅಂದ ಮಾಂತ್ರಿಕ. ಕಿರುಬ ನಕ್ಕಿತು. ಆ ನಗು ದ್ಯಾವಣ್ಣನ ಹಿಂದೆಯೇ ಮನೆತನಕ ಬಂದು, ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು, ಹೋಯಿತು.

"ಚೂರು ಎಲ್ಲಿ?" ಕೆಂಪವ್ವ ಕೇಳಿದಳು.

"ಅಲ್ಲೇ ಬಿಟ್ಟೆ."

"ನನ್ನ ಮಗಳು ಏನಂದಿದ್ದಳು?"

ದ್ಯಾವಣ್ಣ ಒರಳಿನ ಕಡೆ ನೋಡಿದ. "ಕೋಳಿ ಕಾವಿಗೆ ಕೂತಿದೆ" ಅಂದ.

ಎರಡನೇ ಮಡಕೆ ದಪ್ಪ ಮಾಡಿದ. ಹೊತ್ತರೆ ಕುತ್ತಿಗೆ ಒಳಗೆ ಹೋಗುವಷ್ಟು ದಪ್ಪ.

"ಇದು ಮಡಕೆಯೋ, ಬಾವಿಕಟ್ಟೆಯೋ?" ಕಿರುಬ ಕೇಳಿತು.

ಕೆಂಡ ಬಿತ್ತು. ಟಪ್.

"ತಡೀಲಿಲ್ಲ, ಹೋಗು."

ಕಿರುಬ ಹೊಟ್ಟೆ ಹಿಡಿದು ಉರುಳಿತು. ದ್ಯಾವಣ್ಣ ಹೋಗಲಿಲ್ಲ. ಕೂತು ಚೂರು ಆರಿಸಿದ, ಮೊದಲ ಮಡಕೆಯದ್ದೂ ಸೇರಿಸಿ. ಒಡೆದ ಅಂಚು ನೋಡಿದ. ಬರೀ ನುಣುಪು ಮಣ್ಣು, ಒಂದು ಕಾಳು ಪುಡಿಯಿಲ್ಲ.

"ಅದನ್ನೇನು ಮಾಡ್ತೀಯ?" ಕಿರುಬ ಕೇಳಿತು.

"ಮನೇಲಿ ಕೆಲಸ ಇದೆ."

ಮನೆಯಲ್ಲಿ ಕೆಂಪವ್ವನಿಗೆ ಏಳಲೂ ಆಗುತ್ತಿರಲಿಲ್ಲ. ದ್ಯಾವಣ್ಣ ಕೋಳಿಯನ್ನೂ ಮೊಟ್ಟೆಯನ್ನೂ ಬುಟ್ಟಿಗೆ ಸಾಗಿಸಿದ. ಕೋಳಿ ಕುಕ್ಕಿತು. ಒನಕೆ ಹಿಡಿದ. ಅದು ಸಾಕವ್ವನ ಕೈಯ ಅಳತೆಗೆ ಸವೆದಿತ್ತು. ಅವನ ಕೈಗೆ ಹೊಂದಲಿಲ್ಲ. ಹಾಗೇ ಕುಟ್ಟಿದ.

"ಮೆಲ್ಲಗೆ ಕುಟ್ಟೋ, ಮಲಗಿದ್ದೀನಿ" ಅಂದಳು ಅತ್ತೆ. ದ್ಯಾವಣ್ಣ ನಿಲ್ಲಿಸಿದ.

"ಇಲ್ಲ, ಕುಟ್ಟು" ಅಂದಳು ಆಮೇಲೆ.

ಆ ಪುಡಿಯನ್ನು ಮಣ್ಣಿಗೆ ಸೇರಿಸಿ ಮಾಡಿದ ಮೂರನೇ ಮಡಕೆ, ನೋಡಲು ಸಾಧಾರಣ ಮಡಕೆ.

"ಮತ್ತೆ ಬಂದ್ಯಾ? ನಾಚಿಕೆ ಆಗಲ್ವಾ?" ಅಂದಿತು ಕಿರುಬ.

"ಮೊದಲನೇ ಸಲ ಆಗಿತ್ತು."

ಕೆಂಡ ಬಿತ್ತು. ಮಡಕೆ ಕೆಂಪಾಯಿತು. ಸದ್ದಿಲ್ಲ. ಮಾಂತ್ರಿಕ ಇನ್ನಷ್ಟು ಸುರಿದ. ಸಿಟ್ಟಿನಲ್ಲಿ ಗವಿಯ ಕೊನೆಯ ಕೆಂಡವನ್ನೂ ಸುರಿದ. ಮಡಕೆ ಬೆಂದು ಗಟ್ಟಿಯಾಯಿತು. ನಗಲು ತೆರೆದ ಕಿರುಬದ ಬಾಯಿ ಹಾಗೇ ಉಳಿಯಿತು.

ದ್ಯಾವಣ್ಣ ಹಸಿ ಬಾಳೆಪಟ್ಟೆಯ ಸಿಂಬಿ ಸುತ್ತಿ ನೆತ್ತಿಗಿಟ್ಟು, ಅದರ ಮೇಲೆ ಮಡಕೆಯನ್ನು ಹೊತ್ತ. ಬೆಂಕಿ ಹೋದದ್ದೇ ಹೊಗೆಮೀಸೆಗೆ ಚಳಿ ಹಿಡಿಯಿತು. ನಡುಗಿ ನಡುಗಿ ಸಣ್ಣಗಾದ. ಕೊನೆಗೆ ಕರೀ ಬೆಕ್ಕಾಗಿ ಮಡಕೆಯ ಹಿಂದೆಯೇ ಬಂದ. ಕಿರುಬಕ್ಕೆ ಮಾತು ಹೋಯಿತು, ನಗು ಮಾತ್ರ ಉಳಿಯಿತು.

ಮನೆಮನೆಯವರೂ ಕೆಂಡ ಒಯ್ದರು. ರಾಜ ಬಿಸಿ ಸಾರಿಗೆ ನಾಲಿಗೆ ಸುಟ್ಟುಕೊಂಡು ಸಂತೋಷಪಟ್ಟ. ಕಂಚಿನಗಿರಿಯಲ್ಲಿ ತಣ್ಣಗಿನ ಊಟ ಆಮೇಲೆ ಯಾರೂ ಉಣ್ಣಲಿಲ್ಲ.

ಕೆಂಪವ್ವ ಅಂಬಲಿ ಕುಡಿದಳು.

"ಉಪ್ಪು ಕಮ್ಮಿ" ಅಂದಳು. ಇನ್ನೊಂದು ಬಟ್ಟಲು ಕೇಳಿದಳು. ಸಾಯುವ ಮಾತು ಎತ್ತಲಿಲ್ಲ. ಬೆಕ್ಕು ಒಲೆಯ ಬೂದಿಯಲ್ಲಿ ಮಲಗಿತು.

ಮರುದಿನ ಬೆಳಿಗ್ಗೆ ನೋಡಿದರೆ, ಬೆಕ್ಕು ಆ ಮೂರನೇ ಮಡಕೆಯನ್ನು ಉರುಳಿಸಿ ಒಡೆದಿತ್ತು. ದ್ಯಾವಣ್ಣ ಚೂರು ಆರಿಸಿದ. ಸಾಕವ್ವನ ಒರಳಿಗೆ ಹಾಕಿದ. ಕುಟ್ಟಿದ.