ಕೆಂಪು ಹಿಲ್ಲಾ, ಹಳದಿ ಹಿಲ್ಲಾ

“ಕೀಳಬೇಡ್ವೋ! ಅದಿನ್ನೂ ಕಾಯಿ!” ತೈಮಿ ಕೂಗಿದಳು.

“ಇಷ್ಟು ಕೆಂಪಗಿದೆ, ಕಾಯಂತೆ!” ಒತ್ಸೊ ಆಗಲೇ ಒಂದನ್ನು ಬಾಯಿಗೆ ಹಾಕಿಕೊಂಡಿದ್ದ. ಕಟುಂ ಎಂದಿತು. ಅವನ ಮುಖ ಹಿಂಡಿದ ಬಟ್ಟೆಯಂತಾಯಿತು.

“ಹಿಲ್ಲಾ ಬೇರೆ ಹಣ್ಣಿನ ಥರ ಅಲ್ಲ ಕಣೋ. ಕೆಂಪಗಿದ್ರೆ ಕಾಯಿ. ಹಳದಿಯಾದ್ರೆ ಹಣ್ಣು.”

ಪುಟ್ಟ ಹಿಲ್ಲಾ ಗಿಡಗಳ ನಡುವೆ ಇಬ್ಬರ ಬೂಟುಗಳೂ ಜೌಗಿನಲ್ಲಿ ಹೂತಿದ್ದವು. ಕಿವಿಯ ಬಳಿ ಸೊಳ್ಳೆಗಳು ಗುಂಯ್‌ಗುಡುತ್ತಿದ್ದವು. ಈ ಜಾಗ ಅಜ್ಜಿಯ ಗುಟ್ಟು. ಪ್ರತಿ ಬೇಸಿಗೆಯಲ್ಲೂ ಅವಳೊಬ್ಬಳೇ ಬಂದು ಬಕೆಟ್ ತುಂಬಿಕೊಂಡು ಹೋಗುತ್ತಿದ್ದಳು. ಈ ಸಲ ಮಂಡಿಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ನೋಡಲು ಹೋದಾಗ ತೈಮಿಯ ಕಿವಿಯಲ್ಲಿ ದಾರಿ ಹೇಳಿಕೊಟ್ಟಿದ್ದಳು. ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಅದಕ್ಕೇ ಚಿಕ್ಕಪ್ಪನ ಮಗ ಒತ್ಸೊ ಜೊತೆಗೆ ಬಂದಿದ್ದ.

ಭಾನುವಾರ ಅಜ್ಜಿ ಮನೆಗೆ ಬರುತ್ತಾಳೆ. ಅವಳ ಬೆಚ್ಚಗಿನ ಚೀಸಿನ ಮೇಲೆ ಹಿಲ್ಲಾ ಇರಲೇಬೇಕು.

“ಈಗ್ಲೇ ಕಿತ್ಕೊಳ್ಳೋಣ. ಬೇರೆಯವರು ಬಂದ್ಬಿಟ್ರೆ?”

“ಈ ಜಾಗ ಯಾರಿಗೂ ಗೊತ್ತಿಲ್ಲ.”

“ನಂಗೆ ಗೊತ್ತಾಯ್ತಲ್ಲ!”

ಒತ್ಸೊ ಕೆಂಪು ಕಾಯಿಗಳನ್ನೇ ಡಬ್ಬಿಗೆ ತುಂಬತೊಡಗಿದ. “ಕಿಟಕಿ ಹತ್ರ ಇಟ್ರೆ ಹಣ್ಣಾಗುತ್ತೆ. ಬಾಳೆಕಾಯಿ ಆಗಲ್ವಾ?”

ಆಗಬಹುದೇನೋ! ತೈಮಿ ಬಗ್ಗಿ ಒಂದು ಕಾಯಿಯನ್ನು ಹತ್ತಿರದಿಂದ ನೋಡಿದಳು. ತೊಟ್ಟಿನ ಹಸಿರು ಎಸಳುಗಳು ಅದನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದವು. ಯಾವಾಗ ಬಿಡುತ್ತವೆ ಇವು?

ಅಂದಿನಿಂದ ದಿನವೂ ಬಂದು ಅವನ್ನು ನೋಡುವುದೇ ಕೆಲಸ. ಮೊದಲು ಹಸಿರು ಎಸಳುಗಳು ಸ್ವಲ್ಪ ಸಡಿಲವಾದವು. ಆಮೇಲೆ ಹಿಂದಕ್ಕೆ ಮಡಚಿಕೊಂಡವು. ಬಿಸಿಲು ಬೀಳುವ ಕಡೆ ಬೇಗ, ನೆರಳಿನಲ್ಲಿ ನಿಧಾನ. ಶುಕ್ರವಾರ ಬಯಲಿನ ಹಣ್ಣುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ತೈಮಿ ಬೆರಳಿನಿಂದ ಒತ್ತಿದಳು. ಇನ್ನೂ ಸ್ವಲ್ಪ ಗಟ್ಟಿ.

“ನಾಳೆ,” ಎಂದಳು.

“ನಿಂದು ಬರೀ ನಾಳೆ, ನಾಳೆ,” ಒತ್ಸೊ ಅಣಕಿಸಿದ.

ಶನಿವಾರ ಬಂದಾಗ ಬಯಲು ಬರಿದಾಗಿತ್ತು. ಕೆಸರಿನ ತುಂಬ ಉದ್ದುದ್ದ ಬೆರಳಿನ ಹೆಜ್ಜೆಗಳು. ದೂರದಲ್ಲಿ ನಾಲ್ಕು ಸಾರಸ ಪಕ್ಷಿಗಳು ಏನೂ ಗೊತ್ತಿಲ್ಲದವರಂತೆ ನಿಂತಿದ್ದವು.

“ನಾನ್ ಹೇಳ್ಲಿಲ್ವಾ?” ಎಂದ ಒತ್ಸೊ. ತೈಮಿಯ ಕಣ್ಣು ತುಂಬಿದ್ದನ್ನು ಕಂಡು ಅವಳ ಕೈ ಹಿಡಿದು ನೆರಳಿನ ಕಡೆಗೆ ನಡೆದ. ಇಬ್ಬರೂ ಕುಳ್ಳ ಬರ್ಚ್ ಗಿಡಗಳ ಸಂದಿಯಲ್ಲೆಲ್ಲ ಹುಡುಕಿದರು. ಕಷ್ಟಪಟ್ಟು ಒಂದು ಬಟ್ಟಲು ತುಂಬಿತು.

ಭಾನುವಾರ ಅಜ್ಜಿ ಕುಂಟುತ್ತ ಬಂದು ಮೇಜಿನ ಮುಂದೆ ಕುಳಿತಳು. ಒತ್ಸೊ ಕಿಟಕಿಯ ಬಳಿ ಇಟ್ಟಿದ್ದ ಡಬ್ಬಿ ತಂದ. ಕೆಲವು ಮೆತ್ತಗಾಗಿದ್ದವು, ಆದರೆ ಬಣ್ಣ ಕೆಟ್ಟಿತ್ತು. ಅಜ್ಜಿ ಒಂದನ್ನು ಮುಖ ಸಿಂಡರಿಸದೆ ತಿಂದಳು. “ಸಕ್ಕರೆ ಹಾಕಿ ಕುದಿಸಿದ್ರೆ ಜಾಮ್ ಆಗುತ್ತೆ ಬಿಡು, ಮರಿ.”

ಆಮೇಲೆ ತೈಮಿಯ ಬಟ್ಟಲಿನಿಂದ ಒಂದು ಹಳದಿ ಹಣ್ಣು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ನಿಧಾನವಾಗಿ ಚಪ್ಪರಿಸಿದಳು.

“ಕಾದಿದ್ದು ತಪ್ಪಾಯ್ತಾ ಅಜ್ಜಿ? ಎಲ್ಲಾ ಸಾರಸಗಳ ಪಾಲಾಯ್ತು.”

“ಅವು ಯಾವಾಗ ಬರ್ತವೆ ಅಂತ ನಂಗೂ ಇವತ್ತಿನವರೆಗೂ ಗೊತ್ತಾಗಿಲ್ಲ ಪುಟ್ಟಿ,” ಅಜ್ಜಿ ನಕ್ಕಳು. “ಒಂದು ವರ್ಷ ಕಾದು ಕಾದು, ಒಂದೇ ಒಂದು ಹಣ್ಣೂ ಸಿಗಲಿಲ್ಲ. ಆಗ ಚಿಕ್ಕವನಾಗಿದ್ದ ನಿಮ್ಮಪ್ಪ ಖಾಲಿ ಬಕೆಟ್ ನೋಡಿ ಅತ್ತೇಬಿಟ್ಟಿದ್ದ!”

ತೈಮಿ ಬೆರಗಾದಳು. ಅಜ್ಜಿಗೂ ಗೊತ್ತಾಗುವುದಿಲ್ಲವೇ?

ಸೋಮವಾರ ಇಬ್ಬರೂ ಮತ್ತೆ ಜೌಗಿಗೆ ಹೋದರು. ನೆರಳಿನಲ್ಲಿ ಇನ್ನೂ ಕೆಲವು ಉಳಿದಿದ್ದವು. ತೈಮಿ ಒಂದನ್ನು ಮೆಲ್ಲಗೆ ಎಳೆದಳು. ಅದು ತಾನಾಗಿಯೇ ಅಂಗೈಗೆ ಬಂತು. ಪಕ್ಕದ್ದನ್ನು ಎಳೆದಳು. ಬರಲಿಲ್ಲ. ಕೈಬಿಟ್ಟಳು.

“ಇದು ನಾಳೆ ಇರುತ್ತಾ?” ಒತ್ಸೊ ಪಿಸುಗುಟ್ಟಿದ.

“ಗೊತ್ತಿಲ್ಲ,” ಎಂದಳು ತೈಮಿ. ಆ ಮಾತು ಹೇಳುವಾಗ ಅವಳಿಗೆ ಯಾಕೋ ಭಯವಾಗಲಿಲ್ಲ.