ಟೈ ಮೇಲೆ ತುಪ್ಪದ ಹನಿ

ಹಾವಗೆಪ್ಪನ ಕೊರಳಲ್ಲಿದ್ದ ರೇಷ್ಮೆ ಟೈ ಅವನದಾಗಿರಲಿಲ್ಲ. ಕಾರಕೂನ, ಅಂದರೆ ಗುಮಾಸ್ತ, ಎಂದು ಹೇಳಿಸಿಕೊಂಡ ನೌಕರಿಯೂ ಅವನದಾಗಿರಲಿಲ್ಲ.

ಸುಳ್ಳು ಹೇಳಿದವನು ಸೋದರಮಾವ ಮಡೆಪ್ಪ. "ನಮ್ಮ ಹುಡುಗ ಬೀದರ ಕಚೇರ್‍ಯಾಗ ಕಾರಕೂನ ಇದ್ದಾನ್ರಿ" ಎಂದು, ಹೆಣ್ಣು ನೋಡಲು ಬಂದ ಸಾಯಗಾಂವದ ಶಿವರಾಜಪ್ಪನ ಪಡಸಾಲೆಯಲ್ಲಿ ಕೂತು ಮೀಸೆ ತೀಡಿದ್ದ. ಪಕ್ಕದಲ್ಲಿದ್ದ ಹಾವಗೆಪ್ಪ ಬಾಯಿ ತೆರೆಯಲಿಲ್ಲ. ಸುಮ್ಮನಿದ್ದುದಷ್ಟೇ ಅವನ ಪಾಲಿನ ಸುಳ್ಳು. ಆದರೆ ಟೈ ಕಟ್ಟಿಕೊಂಡು ಬಂದ ಮೇಲೆ ಅದು ಸಣ್ಣ ಪಾಲೇನೂ ಆಗಿರಲಿಲ್ಲ.

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆಗಿ ವರ್ಷ ದಾಟಿತ್ತು. ಮದ್ರಾಸಿನ ಕಡೆಯಿಂದ ಬಂದ ಹೊಸ ಸಾಹೇಬರು ದಿನಕ್ಕೊಂದು ಟೈ ಕಟ್ಟುವವರು. ಆ ಟೈಗಳ ಚಾಕರಿಯೆಲ್ಲ ಕಚೇರಿಯ ಜವಾನ, ಚಪರಾಸಿ ಹಾವಗೆಪ್ಪನದು. ಬಾಬುಮಿಯಾನ ಜವಳಿ ಅಂಗಡಿಯಿಂದ ಆರಿಸಿ ತರುವವನೂ ಅವನೇ. ರೇಷ್ಮೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಸುಕ್ಕು ತಾನಾಗಿ ಬಿಡಬೇಕು, ಆಗಲೇ ಕೊಳ್ಳಬೇಕು ಎಂದು ಬಾಬುಮಿಯಾ ಕಲಿಸಿದ್ದ. ಗಂಟನ್ನು ಜಗ್ಗಬಾರದು, ಕಟ್ಟಿದ ದಾರಿಯಲ್ಲೇ ಬಿಚ್ಚಬೇಕು. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಹಾಸಬೇಕು. ಇಷ್ಟು ಪ್ರೀತಿಯಿಂದ ನೋಡಿಕೊಂಡ ವಸ್ತುವನ್ನು ಒಂದು ದಿನ ತಾನೂ ಹಾಕಿಕೊಂಡರೇನು ಎಂದು ಅನಿಸಿದ್ದು, ಸಾಹೇಬರು ಹೈದರಾಬಾದಿಗೆ ಹೋದ ದಿನ.

ಶಿವರಾಜಪ್ಪನ ಮಗಳು ಗುರಮ್ಮ ಪಡಸಾಲೆಗೆ ಹೋಳಿಗೆ ಬಡಿಸಲು ಬಂದಳು. ಮೊದಲು ಟೈ ನೋಡಿದಳು, ಆಮೇಲೆ ಅವನನ್ನು. ಮತ್ತೆ ಟೈ ನೋಡಿ, ತುಟಿ ಒಳಕ್ಕೆಳೆದುಕೊಂಡು ನಗು ನುಂಗಿದಳು. ಹಾವಗೆಪ್ಪನ ಕಿವಿ ಬಿಸಿಯಾದವು. ಇಷ್ಟು ಚಂದದ ಹುಡುಗಿಗೆ ಮೋಸ ಮಾಡುತ್ತಿದ್ದೇನೆ ಎಂದುಕೊಂಡ. ಆದರೂ ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ.

"ತುಪ್ಪ ಹಾಕ್ಲಿರಿ?"

ಅವನು ತಲೆಯೆತ್ತಿದ. ಕಣ್ಣು ಕಲೆತವು, ಅವಳು ತಾಟು ನೋಡದೆ ಬಗ್ಗಿಸಿದ ತುಪ್ಪದ ಹನಿಯೊಂದು ಟೈ ಮೇಲೆ ಬಿತ್ತು.

"ಅಯ್ಯ ನಮ್ಮವ್ವಾ! ನೀರ ತರ್ತೇನಿ ತಡೀರಿ!"

"ನೀರ ಬ್ಯಾಡ್ರಿ!" ಹಾವಗೆಪ್ಪ ಕೂಗಿಯೇ ಬಿಟ್ಟ. "ಜೋಳದ ಹಿಟ್ಟ ತರ್ರಿ, ಲಗೂನ!"

ಎರಡೇ ಬೆರಳಲ್ಲಿ ಗಂಟು ಬಿಚ್ಚಿ, ಟೈಯನ್ನು ಮಣೆಯ ಮೇಲೆ ಮಲಗಿಸಿ, ಹಿಟ್ಟು ಉದುರಿಸಿದ. "ತಿಕ್ಕಬಾರದ್ರಿ, ಬಣ್ಣ ಏಳ್ತದ. ಸ್ವಲ್ಪ ಹೊತ್ತು ಹಿಂಗೇ ಬಿಡಬೇಕು. ತುಪ್ಪ ಎಲ್ಲಾ ಹಿಟ್ಟೇ ಕುಡೀತದ."

ಅಂದು ಬೆಳಗ್ಗೆಯಿಂದ ಅವನು ನಿರಾಳವಾಗಿ ಮಾತಾಡಿದ್ದು ಅದೊಂದೇ ಸಲ. ಗುರಮ್ಮ ಮೊಣಕಾಲ ಮೇಲೆ ಗದ್ದ ಊರಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಕಾರಕೂನ ಸಾಹೇಬ್ರಿಗೆ ಇದೆಲ್ಲಾ ಹ್ಯಾಂಗ ಗೊತ್ತ್ರಿ?"

ತಮಾಷೆಗೆ ಕೇಳಿದ್ದಳು. ಅವಳ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅನುಮಾನವಿದ್ದಿದ್ದರೆ ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದನೋ ಏನೋ. ಆ ನಂಬಿಕೆಯ ಮುಂದೆ ಅವನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ನಾ ಕಾರಕೂನ ಅಲ್ರಿ" ಎಂದ. "ಚಪರಾಸಿ. ಈ ಟಾಯಿ ನಮ್ಮ ಸಾಹೇಬ್ರದು. ಕೇಳ್ದೇ ಹಾಕ್ಕೊಂಡ ಬಂದೀನಿ."

ಮಡೆಪ್ಪನಿಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿತು. ಶಿವರಾಜಪ್ಪ ತಾಟಿನಿಂದ ಕೈ ತೆಗೆದ.

"ಚಪರಾಸಿಗೆ ಹೆಣ್ಣ ಕೊಡ್ತಿದ್ದೆ ತಮ್ಮಾ. ಸುಳ್ಳಿಗೆ ಹ್ಯಾಂಗ ಕೊಡ್ಲಿ?"

ಮಡೆಪ್ಪ, ಹಾವಗೆಪ್ಪ ಇಬ್ಬರೂ ಎದ್ದು ಕೈ ತೊಳೆದರು. ಹೊರಗೆ ಚಪ್ಪಲಿ ಮೆಟ್ಟುವಾಗ ಗುರಮ್ಮ ಬಾಗಿಲಿಗೆ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಟೈ ಕೊಟ್ಟಳು. ಅವನು ಹೇಳಿದಂತೆಯೇ ತಿಕ್ಕದೆ ಹಿಟ್ಟು ಝಾಡಿಸಿದ್ದಳು.

"ಸಾಹೇಬ್ರಿಗೆ ಹೇಳ್ತೀರೇನು?"

"ತುಪ್ಪದ ಕಲಿ ಕಾಣಸೂದಿಲ್ಲಲ್ರಿ."

"ನಿಮಗ ಕಾಣ್ತದಲ್ರಿ."

ವಾಪಸ್ ದಾರಿಯಲ್ಲಿ ಭಾಲ್ಕಿಯವರೆಗೂ ಮಡೆಪ್ಪ ಬೈಯುತ್ತಲೇ ಬಂದ. ಹಾವಗೆಪ್ಪನಿಗೆ ಕೇಳಿಸಿದ್ದು ಗುರಮ್ಮನ ಆ ಒಂದು ಮಾತು ಮಾತ್ರ.

ಸೋಮವಾರ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದ. ಸಾಹೇಬರು ಬೈಯಲಿಲ್ಲ. ಟೈಗಳ ಬೀರುವಿನ ಕೀಲಿ ಇಸಿದುಕೊಂಡು, ನಾಳೆಯಿಂದ ಗೇಟಿನಲ್ಲಿ ನಿಲ್ಲು ಎಂದರು. ಗೇಟಿನಲ್ಲಿ ನಿಂತವನನ್ನು ಕಚೇರಿಯ ಮಂದಿ, "ಏನಪ್ಪಾ ಟಾಯಿ ಸಾಹೇಬ್ರ" ಎಂದು ಕರೆದು ನಕ್ಕರು. ಅವನು ತಲೆ ತಗ್ಗಿಸಿ ನಿಂತ.

ಹದಿನೈದು ದಿನ ಕಳೆದು ಒಬ್ಬನೇ ಸಾಯಗಾಂವಕ್ಕೆ ಹೋದ. ಮೈಮೇಲೆ ಖಾದಿ ಅಂಗಿ, ಕೊರಳು ಖಾಲಿ. ಹೆಣ್ಣು ಕೇಳುವ ಧೈರ್ಯ ಇರಲಿಲ್ಲ. ಗುರಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ಟು ಬರುವುದಷ್ಟೇ ಉಳಿದಿತ್ತು.

ಕಟ್ಟೆಯ ಮೇಲೆ ಶಿವರಾಜಪ್ಪ ಕೂತಿದ್ದ.

"ಸಾಹೇಬ್ರಿಗೆ ಎಲ್ಲಾ ಹೇಳಿದೆರಿ" ಎಂದ ಹಾವಗೆಪ್ಪ, ನಿಂತಲ್ಲೇ. "ಕೀಲಿ ತಗೊಂಡ್ರು. ಈಗ ಗೇಟಿನಾಗ ನಿಲ್ತೇನಿ. ಇಷ್ಟ ಹೇಳ್ಲಾಕ ಬಂದೆ. ಬರ್ತೇನ್ರಿ."

ಶಿವರಾಜಪ್ಪ ಕಟ್ಟೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದ. ಆಮೇಲೆ ಒಳಗೆ ಕೂಗಿದ. "ಗುರಮ್ಮಾ, ನೀರ ತಾ."

ಗುರಮ್ಮ ತಂಬಿಗೆ ತಂದಳು. ಇನ್ನೊಂದು ಕೈಯಲ್ಲಿ ಹಳೆಯ ರೇಷ್ಮೆ ಸೀರೆ. ಸೆರಗಿನ ಮಗ್ಗುಲಲ್ಲಿ ಅಂಗೈಯಗಲದ ಕಲೆ.

"ನಮ್ಮವ್ವನ ಮದವಿ ಸೀರಿ. ಆವತ್ತೇ ತುಪ್ಪ ಬಿದ್ದದಂತ. ಹೋಗ್ತದೇನ್ರಿ?"

ಹಾವಗೆಪ್ಪ ಸೀರೆಯನ್ನು ಬೆಳಕಿಗೆ ಹಿಡಿದ. ಹೋಗುತ್ತದೆ ಎನ್ನಬೇಕೆಂದು ಜೀವ ಒದ್ದಾಡಿತು.

"ಹಳೀ ಕಲಿ ಅದರಿ. ಪೂರಾ ಹೋಗೂದಿಲ್ಲ."

ಗುರಮ್ಮ ಸೀರೆ ವಾಪಸ್ ತೆಗೆದುಕೊಂಡು ಎದೆಗವಚಿಕೊಂಡಳು. ಆ ದಿನ ನುಂಗಿದ್ದ ನಗು ಇಂದು ತುಟಿಯ ಮೇಲೆ ಬಂದಿತ್ತು.

"ಇರ್ಲಿ ಬಿಡ್ರಿ. ಹಂಗೇ ಉಡ್ತೇನಿ."

"ಯಾವಾಗ್ರಿ?"

"ಅದನ್ನ ನಮ್ಮಪ್ಪಗ ಕೇಳ್ರಿ" ಎಂದು ಗುರಮ್ಮ ಒಳಗೆ ಓಡಿದಳು.